ಅಲ್ಲಿ ಎಷ್ಟು ಕೊಡುತ್ತಿದ್ದರು?

ಹೆಣ್ಣಿನ ವಯಸ್ಸು, ಗಂಡಿನ ಸಂಬಳ ಕೇಳಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಎರಡನ್ನೂ ಕೇಳುತ್ತಾರೆ. ಕೆಲಸಕ್ಕೆ ಅರ್ಜಿ ಹಾಕಲು ಹೋದರೆ ಹೆಸರು, ಹುಟ್ಟಿದ ದಿನಾಂಕ, ಓದು ಎಲ್ಲವೂ ಆದ ಮೇಲೆ ಒಂದು ಖಾಲಿ ಜಾಗ ಬರುತ್ತದೆ: 'ಈಗಿನ ಸಂಬಳ ಎಷ್ಟು?' ಅದರ ಪಕ್ಕದಲ್ಲೇ ಇನ್ನೊಂದು: 'ಎಷ್ಟು ನಿರೀಕ್ಷಿಸುತ್ತೀರಿ?' ಬೆಂಗಳೂರಿನ ಕಂಪನಿಗಳ ಭಾಷೆಯಲ್ಲಿ ಇವುಗಳಿಗೆ ಕರೆಂಟ್ ಸಿ.ಟಿ.ಸಿ., ಎಕ್ಸ್‌ಪೆಕ್ಟೆಡ್ ಸಿ.ಟಿ.ಸಿ. ಎಂದು ಹೆಸರು. ಸಿ.ಟಿ.ಸಿ. ಎಂದರೆ ಒಬ್ಬ ನೌಕರನ ಮೇಲೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಕೈಗೆ ಬರುವ ಹಣ ಅದಕ್ಕಿಂತ ಕಡಿಮೆಯೇ.

ಆ ಮೊದಲನೆಯ ಖಾಲಿ ಜಾಗವನ್ನು ತುಂಬಬೇಕೇ, ಬೇಡವೇ? ತುಂಬದೆ ಬಿಟ್ಟರೆ ಅದು ಮುಚ್ಚುಮರೆಯೇ? ಸ್ವಲ್ಪ ಹೆಚ್ಚಿಸಿ ಬರೆದರೆ ಅದು ಜಾಣತನವೇ, ಸುಳ್ಳೇ? ಈ ಪ್ರಶ್ನೆಗಳು ನಮ್ಮ ಮನೆಯಲ್ಲಿ ಎರಡು ವರ್ಷ ನಮ್ಮ ಜೊತೆ ಊಟಕ್ಕೆ ಕುಳಿತಿದ್ದವು. ನಮ್ಮ ಮಕ್ಕಳು ಓದು ಮುಗಿಸಿ ಕೆಲಸ ಹುಡುಕುವ ಕಾಲವಿದು. ಇತರ ಕುಟುಂಬಗಳಿಗೂ ಉಪಯೋಗವಾಗಲಿ ಎಂದು ನಮ್ಮ ಅನುಭವವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಇದರಲ್ಲಿ ನಮ್ಮ ತಪ್ಪುಗಳೂ ಇವೆ.

ಮಗಳ ಮೊದಲ ಕೆಲಸ

ನಾವಿರುವುದು ಹೊಸೂರಿನಲ್ಲಿ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತಮಿಳು, ಪಕ್ಕದ ಮನೆಯವರೊಡನೆ ತೆಲುಗು. ಮೂರು ತಲೆಮಾರಿನಿಂದ ಹೀಗೇ ನಡೆದುಬಂದಿದೆ. ನಮ್ಮಿಬ್ಬರಲ್ಲಿ ಒಬ್ಬರು ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಇನ್ನೊಬ್ಬರು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಟ್ಟವರು. ಒಬ್ಬರು ಹೇಳುತ್ತ, ಇನ್ನೊಬ್ಬರು ಬರೆಯುತ್ತ ಈ ಲೇಖನ ಆಗಿದೆ. ಆದ್ದರಿಂದ 'ನಾವು' ಎಂದೇ ಬರೆಯುತ್ತೇವೆ.

ನಮ್ಮ ಮಗಳು ಬಿ.ಕಾಂ. ಮುಗಿಸಿದ್ದು 2016ರಲ್ಲಿ. ಅದೇ ವರ್ಷ ಮನೆಯ ಯಜಮಾನರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಜೊತೆಯಲ್ಲಿ ಓದಿದ ಗೆಳತಿಯರು ಅತ್ತಿಬೆಲೆ ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋದರು. ಇಲ್ಲಿಂದ ಬೆಂಗಳೂರು ಸುಮಾರು 40 ಕಿಲೋಮೀಟರ್, ಬಸ್ಸುಗಳಿಗೇನೂ ಕೊರತೆಯಿಲ್ಲ. ಆದರೆ ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಬರುವ ಕೆಲಸಕ್ಕೆ ಅವಳನ್ನು ಕಳಿಸುವ ಸ್ಥಿತಿಯಲ್ಲಿ ನಾವಿರಲಿಲ್ಲ. ಅವಳೇ ನಮ್ಮ ಮುಖ ನೋಡಿ, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಲೆಕ್ಕಪತ್ರದ ಕಚೇರಿಯೊಂದರಲ್ಲಿ ಸೇರಿಕೊಂಡಳು. ತಿಂಗಳಿಗೆ 8,000 ರೂಪಾಯಿ. ಮಧ್ಯಾಹ್ನ ಮನೆಗೆ ಬಂದು ಅಪ್ಪನಿಗೆ ಮಾತ್ರೆ ಕೊಟ್ಟು, ಊಟ ಮಾಡಿ ಹೋಗುತ್ತಿದ್ದಳು.

ಕೆಲಸವನ್ನು ಅವಳು ಚೆನ್ನಾಗಿ ಕಲಿತಳು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗ ಆ ಕಚೇರಿಯಲ್ಲಿ ಅದನ್ನು ಮೊದಲು ಅರ್ಥಮಾಡಿಕೊಂಡವಳು ಅವಳೇ. ಅಂಗಡಿಯವರು ಚೀಲದ ತುಂಬ ಬಿಲ್ಲು ತಂದು ಅವಳ ಮೇಜಿನ ಮೇಲೆ ಸುರಿದು, 'ಏನಾದರೂ ಮಾಡಮ್ಮ' ಎಂದು ಹೋಗುತ್ತಿದ್ದರು. ಹೀಗೆ ಆರು ವರ್ಷ ಕಳೆಯಿತು. 2022ರಲ್ಲಿ ಅವಳ ಸಂಬಳ 15,000 ಆಗಿತ್ತು. ಅಷ್ಟರಲ್ಲಿ ಅಪ್ಪನ ಆರೋಗ್ಯವೂ ಸುಧಾರಿಸಿತ್ತು. ಇನ್ನು ಬೆಂಗಳೂರಿನಲ್ಲಿ ಪ್ರಯತ್ನಿಸುತ್ತೇನೆ ಎಂದಳು. ನಾವೂ ಸಂತೋಷದಿಂದ ಒಪ್ಪಿದೆವು.

ನಾವು ಹೇಳಿದ ಬುದ್ಧಿಮಾತು

ಒಂದು ಶನಿವಾರ ಸಂಜೆ ಕಂಪನಿಯೊಂದರಿಂದ ಫೋನ್ ಬಂತು. ಕೆಲಸದ ಬಗ್ಗೆ ಕೇಳಿದ್ದಕ್ಕೆಲ್ಲ ಅವಳು ಚೆನ್ನಾಗಿ ಉತ್ತರ ಕೊಟ್ಟಳು. ಆಮೇಲೆ ಆ ಕಡೆಯಿಂದ, 'ಈಗ ಎಷ್ಟು ತೆಗೆದುಕೊಳ್ಳುತ್ತಿದ್ದೀರಿ?' ಎಂಬ ಪ್ರಶ್ನೆ ಬಂತು. ಅವಳು ಫೋನಿಗೆ ಕೈ ಅಡ್ಡ ಹಿಡಿದು ನಮ್ಮ ಮುಖ ನೋಡಿದಳು. ನಾವು ಒಂದು ಕ್ಷಣವೂ ಯೋಚಿಸಲಿಲ್ಲ. 'ಇದ್ದದ್ದನ್ನು ಇದ್ದ ಹಾಗೆ ಹೇಳಮ್ಮ. ನಾವೇನು ಕದ್ದಿದ್ದೇವೆಯೇ, ಮುಚ್ಚಿಡುವುದಕ್ಕೆ?' ಎಂದೆವು.

ಅವಳು 15,000 ಎಂದಳು. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, 'ಹಿಂದಿನ ಸಂಬಳದ ಮೇಲೆ 30 ಪರ್ಸೆಂಟ್‌ಗಿಂತ ಹೆಚ್ಚು ಕೊಡುವ ಪದ್ಧತಿ ನಮ್ಮಲ್ಲಿಲ್ಲ' ಎಂದರು. 15,000ಕ್ಕೆ 30 ಪರ್ಸೆಂಟ್ ಸೇರಿಸಿದರೆ 19,500. ನಮಗೆ ಅದೇ ದೊಡ್ಡದಾಗಿ ಕಂಡಿತು. ಒಂದೇ ಸಲಕ್ಕೆ 4,500 ರೂಪಾಯಿ ಹೆಚ್ಚಾಯಿತಲ್ಲ ಎಂದು ಸಿಹಿ ತಂದು ಅಕ್ಕಪಕ್ಕದವರಿಗೆಲ್ಲ ಹಂಚಿದೆವು.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಮನೆಗೆ ಬಂದವಳು ಊಟ ಸರಿಯಾಗಿ ಮಾಡಲಿಲ್ಲ. ಬಲವಂತ ಮಾಡಿ ಕೇಳಿದ ಮೇಲೆ ಹೇಳಿದಳು. ಅವಳು ಸೇರಿದ ವಾರವೇ ಪಕ್ಕದ ಕುರ್ಚಿಗೆ ಒಬ್ಬ ಹುಡುಗ ಸೇರಿದ್ದ. ಅದೇ ಬಿ.ಕಾಂ., ಅಷ್ಟೇ ವರ್ಷದ ಅನುಭವ, ಅದೇ ಕೆಲಸ. ಕೆಲವು ವಿಷಯಗಳನ್ನು ಇವಳೇ ಅವನಿಗೆ ಹೇಳಿಕೊಟ್ಟಿದ್ದಳು. ಅವನ ಸಂಬಳ 31,200. ಅವನು ಮೊದಲು ಬೆಂಗಳೂರಿನಲ್ಲೇ 24,000ಕ್ಕೆ ಇದ್ದವನು. ಅವನಿಗೂ ಕೊಟ್ಟದ್ದು 30 ಪರ್ಸೆಂಟ್, ಇವಳಿಗೂ ಕೊಟ್ಟದ್ದು 30 ಪರ್ಸೆಂಟ್. ಪಾಪ, ಆ ಹುಡುಗನದೇನೂ ತಪ್ಪಿಲ್ಲ. ಅವನೇ ಮಾತಿನ ನಡುವೆ ಹೇಳಿದ್ದು.

ಗಣಿತದ ಟೀಚರ್ ಇರುವ ಮನೆ ನಮ್ಮದು. ಆ ರಾತ್ರಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು. ಮೊದಲು ಇಬ್ಬರ ನಡುವೆ ಇದ್ದ ವ್ಯತ್ಯಾಸ 9,000. ಇಬ್ಬರಿಗೂ 'ಸಮವಾಗಿ' 30 ಪರ್ಸೆಂಟ್ ಕೊಟ್ಟ ಮೇಲೆ ಅದು 11,700. ಮುಂದೆ ಇಬ್ಬರೂ ಮತ್ತೊಮ್ಮೆ ಕೆಲಸ ಬದಲಿಸಿ, ಮತ್ತೆ ಇದೇ ಲೆಕ್ಕದಲ್ಲಿ ಸಂಬಳ ಪಡೆದರೆ ಇವಳಿಗೆ 25,350, ಅವನಿಗೆ 40,560. ವ್ಯತ್ಯಾಸ 15,210. ಯಾರೂ ಯಾರಿಗೂ ಬೇಕೆಂದು ಅನ್ಯಾಯ ಮಾಡಿಲ್ಲ. ಆದರೂ ಕಂದಕ ತನ್ನಷ್ಟಕ್ಕೆ ತಾನೇ ಅಗಲವಾಗುತ್ತಾ ಹೋಗುತ್ತದೆ. ಅಪ್ಪನ ಕಾಯಿಲೆಯ ವರ್ಷದಲ್ಲಿ ಮನೆಯ ಹತ್ತಿರ 8,000ಕ್ಕೆ ಸೇರಿದ್ದಕ್ಕೆ ಆ ಹುಡುಗಿ ಎಷ್ಟು ವರ್ಷ ದಂಡ ಕಟ್ಟಬೇಕು?

ಇಪ್ಪತ್ತು ವರ್ಷ ಹೇಳದ ಮಾತು

ಆ ಲೆಕ್ಕ ಹಾಕುತ್ತಿದ್ದಾಗ ನಮ್ಮ ಮನೆಯಾಕೆ ಪೆನ್ನು ಕೆಳಗಿಟ್ಟು ಒಂದು ಹಳೆಯ ವಿಷಯ ಹೇಳಿದಳು. ನಾವಿಬ್ಬರೂ ಅದನ್ನು ಅಲ್ಲಿಯವರೆಗೆ ಬಾಯಿಬಿಟ್ಟು ಮಾತಾಡಿರಲಿಲ್ಲ.

ಅವಳು 1996ರಲ್ಲಿ ಶಾಲೆಯ ಕೆಲಸ ಬಿಟ್ಟಳು. ಅತ್ತೆ ಹಾಸಿಗೆ ಹಿಡಿದಿದ್ದರು, ಮಕ್ಕಳು ಚಿಕ್ಕವರು. ಆಗ ಅವಳ ಸಂಬಳ 1,400. ಏಳು ವರ್ಷದ ನಂತರ, 2003ರಲ್ಲಿ, ಬೇರೆ ಶಾಲೆಯಲ್ಲಿ ಕೆಲಸ ಕೇಳಲು ಹೋದಳು. 'ಕೊನೆಯದಾಗಿ ಎಷ್ಟು ತೆಗೆದುಕೊಳ್ಳುತ್ತಿದ್ದಿರಿ?' ಎಂದು ಕೇಳಿದರು. ಇದ್ದದ್ದನ್ನು ಹೇಳಿದಳು. 'ಹಾಗಾದರೆ 1,800 ಮಾಡೋಣ' ಎಂದರು. ಆ ಜೂನ್‌ನಲ್ಲೇ ಅದೇ ತರಗತಿಗಳಿಗೆ ಸೇರಿದ ಇನ್ನೊಬ್ಬ ಶಿಕ್ಷಕರಿಗೆ 3,000. ಕಾರಣ ಕೇಳಿದರೆ, ಅವರು ಮೊದಲೇ 2,700 ತೆಗೆದುಕೊಳ್ಳುತ್ತಿದ್ದವರು ಎಂಬ ಉತ್ತರ. ಏಳು ವರ್ಷದಲ್ಲಿ ಅಕ್ಕಿ, ಎಣ್ಣೆ, ಬಸ್ಸಿನ ಟಿಕೆಟ್ಟು ಎಲ್ಲದರ ಬೆಲೆಯೂ ಏರಿತ್ತು. ಅವಳ ಬೆಲೆ ಮಾತ್ರ 1996ರಲ್ಲೇ ನಿಂತಿತ್ತು.

ಮಗಳು ಇದನ್ನು ಕೇಳಿ ಸುಮ್ಮನೆ ಕುಳಿತಳು. ಆಮೇಲೆ ಕೇಳಿದಳು: 'ಅಮ್ಮ, ನಿನಗೂ ಹೀಗೇ ಆಗಿತ್ತಲ್ಲ. ಮತ್ತೆ ನನಗೆ ಯಾಕೆ ಹೇಳು ಅಂದೆ?'

ನಮ್ಮಲ್ಲಿ ಉತ್ತರ ಇರಲಿಲ್ಲ. ನಿಜ ಹೇಳುವುದು, ಕೇಳಿದ್ದಕ್ಕೆಲ್ಲ ಉತ್ತರ ಹೇಳುವುದು, ಇವೆರಡೂ ಒಂದೇ ಎಂದು ನಾವು ತಿಳಿದಿದ್ದೆವು. ಹಾಗೆ ತಿಳಿಯಲು ಇನ್ನೊಂದು ಕಾರಣವೂ ಇದೆ. ನಮ್ಮ ಬಂಧುಗಳಲ್ಲಿ ಸರ್ಕಾರಿ ಕೆಲಸದಲ್ಲಿದ್ದವರು ಹಲವರು. ಅವರಿಗೆ ವರ್ಗವಾದರೆ ಕೈಯಲ್ಲಿ 'ಲಾಸ್ಟ್ ಪೇ ಸರ್ಟಿಫಿಕೇಟ್' ಇರುತ್ತದೆ. ಹಳೆಯ ಕಚೇರಿಯಲ್ಲಿ ಎಷ್ಟು ಬರುತ್ತಿತ್ತೋ ಹೊಸ ಕಚೇರಿಯಲ್ಲಿ ಅದಕ್ಕೆ ಕಡಿಮೆಯಾಗದಂತೆ ಅದು ಕಾಯುತ್ತದೆ. ಅಲ್ಲಿ ಯಾವ ಹುದ್ದೆಗೆ ಎಷ್ಟು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಹಳೆಯ ಸಂಬಳದ ಚೀಟಿ ಅಲ್ಲಿ ನೌಕರನ ಕೈಯಲ್ಲಿರುವ ಕೊಡೆ. ಖಾಸಗಿ ಕೆಲಸದಲ್ಲಿ ಹುದ್ದೆಯ ಸಂಬಳ ಎಷ್ಟೆಂದು ಅವರು ಹೇಳುವುದಿಲ್ಲ, ನಮ್ಮದನ್ನು ಮಾತ್ರ ಹೇಳಿಸುತ್ತಾರೆ. ಆಗ ಅದೇ ಚೀಟಿ ಕಾಲಿಗೆ ಕಟ್ಟಿದ ಹಗ್ಗ.

ಬೇರೆ ದೇಶಗಳಲ್ಲಿ ಏನು ಮಾಡಿದರು?

ಇದು ನಮ್ಮ ಮನೆಯ ದುಃಖ ಮಾತ್ರವಲ್ಲ ಎಂಬುದು ಮಗಳು ಮೊಬೈಲ್‌ನಲ್ಲಿ ಓದಿ ಹೇಳಿದಾಗ ತಿಳಿಯಿತು. ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಕೌಂಟಿಯ ಶಿಕ್ಷಣ ಕಚೇರಿಯಲ್ಲಿ ಐಲೀನ್ ರೀಜೊ ಎಂಬ ಗಣಿತ ಶಿಕ್ಷಣ ತಜ್ಞೆ 2009ರಲ್ಲಿ ಕೆಲಸಕ್ಕೆ ಸೇರಿದರು. ಹೊಸಬರ ಹಿಂದಿನ ಸಂಬಳಕ್ಕೆ ಶೇಕಡ 5 ಸೇರಿಸಿ, ಅದಕ್ಕೆ ತಕ್ಕ ಮೆಟ್ಟಿಲಲ್ಲಿ ನಿಲ್ಲಿಸುವುದು ಆ ಕಚೇರಿಯ ಪದ್ಧತಿ. ರೀಜೊ ಅವರಿಗೆ ಸಿಕ್ಕಿದ್ದು ಮೊದಲನೆಯ ಮೆಟ್ಟಿಲು. 2012ರಲ್ಲಿ ಸಹೋದ್ಯೋಗಿಗಳ ಜೊತೆ ಊಟಕ್ಕೆ ಕುಳಿತಾಗ, ಅದೇ ಕೆಲಸಕ್ಕೆ ಹೊಸದಾಗಿ ಬಂದ ಗಂಡಸೊಬ್ಬರನ್ನು ಒಂಬತ್ತನೆಯ ಮೆಟ್ಟಿಲಲ್ಲಿ ನಿಲ್ಲಿಸಿದ್ದಾರೆಂದು ಗೊತ್ತಾಯಿತು. ಅವರು ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆ ವರ್ಷಗಟ್ಟಲೆ ನಡೆಯಿತು. ಹಿಂದಿನ ಸಂಬಳವನ್ನು ನೆಪ ಮಾಡಿ ಹೆಂಗಸಿಗೆ ಅದೇ ಕೆಲಸಕ್ಕೆ ಕಡಿಮೆ ಕೊಡುವಂತಿಲ್ಲ ಎಂದು 2020ರ ಫೆಬ್ರವರಿಯಲ್ಲಿ ಅಲ್ಲಿನ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಗಣಿತದ ಟೀಚರ್, ಊಟದ ಹೊತ್ತಿನ ಮಾತು ಎಂದು ಓದುವಾಗ ನಮ್ಮ ಮನೆಯಾಕೆ ಕಣ್ಣೊರೆಸಿಕೊಂಡಳು.

ಅಲ್ಲಿನ ಮ್ಯಾಸಚೂಸೆಟ್ಸ್ ರಾಜ್ಯ 2016ರಲ್ಲೇ ಒಂದು ಕಾನೂನು ಮಾಡಿತು. ಕೆಲಸ ಕೊಡುವ ಮೊದಲು ಹಿಂದಿನ ಸಂಬಳ ಕೇಳಬಾರದು ಎಂಬ ಅದರ ನಿಯಮ 2018ರ ಜುಲೈನಿಂದ ಜಾರಿಯಾಯಿತು. ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿಯಿಂದಲೇ ಇಂಥ ನಿಯಮವಿದೆ. ಐರೋಪ್ಯ ಒಕ್ಕೂಟವೂ 2023ರಲ್ಲಿ ಇದೇ ರೀತಿ ತೀರ್ಮಾನಿಸಿತು: ಹಿಂದಿನ ಸಂಬಳ ಕೇಳಬಾರದು, ಈ ಕೆಲಸಕ್ಕೆ ಎಷ್ಟು ಕೊಡುತ್ತೇವೆ ಎಂಬುದನ್ನು ಮೊದಲೇ ತಿಳಿಸಬೇಕು. ಇದಕ್ಕೆ ತಕ್ಕ ಕಾನೂನು ಮಾಡಲು ಸದಸ್ಯ ದೇಶಗಳಿಗೆ ಕೊಟ್ಟ ಗಡುವು 2026ರ ಜೂನ್ 7. ಕೇಳಬಾರದೆಂಬ ನಿಯಮ ಬಂದ ಕಡೆ ಏನಾಯಿತೆಂದು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಲೆಕ್ಕ ಹಾಕಿದರು. ಕೆಲಸ ಬದಲಿಸಿದವರ ಸಂಬಳ ಸುಮಾರು ಶೇಕಡ 5ರಷ್ಟು, ಹೆಂಗಸರದು ಸುಮಾರು ಶೇಕಡ 8ರಷ್ಟು ಹೆಚ್ಚಾಗಿತ್ತು.

ನಮ್ಮ ದೇಶದಲ್ಲಿ ಒಂದೇ ಕೆಲಸಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಒಂದೇ ಸಂಬಳ ಕೊಡಬೇಕೆಂದು 1976ರಲ್ಲೇ ಕಾನೂನಾಯಿತು. ಈಗ ಅದು 2019ರ ವೇತನ ಸಂಹಿತೆಯೊಳಗೆ ಸೇರಿದೆ. ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಆದರೆ ಹಿಂದಿನ ಸಂಬಳ ಕೇಳಬಾರದು ಎಂಬ ನಿಯಮ ನಮ್ಮಲ್ಲಿಲ್ಲ. ಆದ್ದರಿಂದ ಅವರು ಕೇಳಿಯೇ ಕೇಳುತ್ತಾರೆ. ಏನು ಹೇಳಬೇಕೆಂಬ ಭಾರ ನಮ್ಮ ಮಕ್ಕಳ ತಲೆಯ ಮೇಲೆಯೇ ಇದೆ.

ಸುಳ್ಳು ಬೇರೆ, ಮೌನ ಬೇರೆ

ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಂತು ಮಾತಾಡುವುದು ನಮ್ಮೆಲ್ಲರ ರೂಢಿ. ಅಲ್ಲಿ ಈ ವಿಷಯ ತೆಗೆದಾಗ ಬಂಧುವೊಬ್ಬರು ನಕ್ಕರು. 'ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತೀರಾ? ಸಂಬಳದ ಚೀಟಿಯಲ್ಲಿ ಅಂಕಿ ತಿದ್ದಿ ಕೊಡುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ' ಎಂದರು. ಎಲ್ಲರೂ ಮಾಡುತ್ತಾರೆ ಎಂಬುದು ಅವರ ವಾದ.

ಇದು ಪಾಪವೋ ಅಲ್ಲವೋ ಎಂದು ಕೇಳುವುದಕ್ಕೆ ಮೊದಲು, ಇದು ನಡೆಯುತ್ತದೆಯೇ ಎಂದಾದರೂ ಯೋಚಿಸಬೇಕು. ಕಂಪನಿಗಳು ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ, ಫಾರಂ 16 ಕೇಳುವುದುಂಟು. ವಿವರಗಳನ್ನು ಪರಿಶೀಲಿಸಿ ಹೇಳುವುದಕ್ಕೇ ಬೇರೆ ಸಂಸ್ಥೆಗಳಿವೆ. 2014ರಿಂದ ಭವಿಷ್ಯನಿಧಿಗೆ ಯು.ಎ.ಎನ್. ಎಂಬ ಒಂದೇ ಸಂಖ್ಯೆ ಬಂದ ಮೇಲೆ, ಯಾವ ಕಂಪನಿಯಲ್ಲಿ ಎಂದಿನಿಂದ ಎಂದಿನವರೆಗೆ ಇದ್ದರು, ತಿಂಗಳಿಗೆ ಎಷ್ಟು ಪಿ.ಎಫ್. ಕಟ್ಟಲಾಯಿತು ಎಂಬುದೆಲ್ಲ ಒಂದೇ ಕಡೆ ಸಿಗುತ್ತದೆ. ನಮಗೆ ಗೊತ್ತಿರುವ ಒಬ್ಬ ಹುಡುಗನಿಗೆ ಹೀಗೇ ಆಯಿತು. ಸೇರುವ ದಿನ ನಿಗದಿಯಾಗಿ, ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟ ಮೇಲೆ, ತಿದ್ದಿದ ಚೀಟಿ ಸಿಕ್ಕಿಬಿತ್ತು. ಹೊಸ ಕೆಲಸ ಬರಲಿಲ್ಲ, ಹಳೆಯದೂ ಇಲ್ಲ. ಆ ತಾಯಿ ಅತ್ತದ್ದನ್ನು ನಾವು ನೋಡಿದ್ದೇವೆ.

ಸಿಕ್ಕಿಬೀಳದಿದ್ದರೂ ಅದು ಸುಳ್ಳೇ. ಸುಳ್ಳು ಸಾಕ್ಷಿ ಹೇಳಬಾರದೆಂದು ಮಕ್ಕಳಿಗೆ ಬಾಲ್ಯದಿಂದ ಕಲಿಸಿ, ಕೆಲಸ ಸಿಗುವ ಹೊತ್ತಿಗೆ ಅಂಕಿ ತಿದ್ದಲು ಕಲಿಸಿದರೆ ಅವರು ಯಾವುದನ್ನು ನೆನಪಿಟ್ಟುಕೊಳ್ಳುತ್ತಾರೆ?

ಹಾಗಾದರೆ ಹೇಳದೆ ಇರುವುದು? ಇದೂ ಒಂದು ರೀತಿಯ ಮೋಸವಲ್ಲವೇ ಎಂಬ ಅಳುಕು ನಮಗೆ ಬಹಳ ದಿನ ಇತ್ತು. ಯೋಚಿಸಿದ ಮೇಲೆ ಹೀಗೆ ಅನಿಸಿತು. ನಾನು ಮಾಡದ ಕೆಲಸವನ್ನು ಮಾಡಿದ್ದೇನೆ ಎಂದರೆ ಮೋಸ. ಪಡೆಯದ ಸಂಬಳವನ್ನು ಪಡೆದಿದ್ದೇನೆ ಎಂದರೆ ಮೋಸ. ಆದರೆ, 'ಅದನ್ನು ಹೇಳಲು ಇಷ್ಟವಿಲ್ಲ, ಈ ಕೆಲಸಕ್ಕೆ ಇಷ್ಟು ಕೇಳುತ್ತೇನೆ' ಎಂದು ಬಾಯಿಬಿಟ್ಟು ಹೇಳುವುದರಲ್ಲಿ ಮೋಸ ಎಲ್ಲಿದೆ? ತಾನು ಹೇಳುತ್ತಿಲ್ಲ ಎಂಬುದನ್ನೂ ಅವಳು ಹೇಳಿಯೇ ಇರುತ್ತಾಳಲ್ಲ. ಕಂಪನಿಯವರು ತಮ್ಮ ಬಳಿ ಆ ಹುದ್ದೆಗೆ ಎಷ್ಟು ಹಣ ಇಟ್ಟಿದ್ದಾರೆಂದು ಹೇಳುವುದಿಲ್ಲ. ಅದನ್ನು ಯಾರೂ ಸುಳ್ಳೆನ್ನುವುದಿಲ್ಲ.

ಇನ್ನೊಂದು ಮಾತು. 1891ರಲ್ಲಿ ಜಗದ್ಗುರು 13ನೇ ಲಿಯೋ ಅವರು ಕಾರ್ಮಿಕರ ಬಗ್ಗೆ 'ರೇರುಂ ನೊವಾರುಂ' ಎಂಬ ಪತ್ರ ಬರೆದರು. ಬಡತನದ ಒತ್ತಡದಿಂದ ಒಬ್ಬ ಕಡಿಮೆ ಕೂಲಿಗೆ ಒಪ್ಪಿಕೊಂಡ ಮಾತ್ರಕ್ಕೆ ಆ ಕೂಲಿ ನ್ಯಾಯವಾಗಿಬಿಡುವುದಿಲ್ಲ ಎಂಬುದು ಅದರ ಮುಖ್ಯ ವಿಚಾರಗಳಲ್ಲೊಂದು. ನಮ್ಮ ಮಗಳ ವಿಷಯಕ್ಕೆ ಇದನ್ನು ಹೊಂದಿಸಿ ನೋಡಿದೆವು. ಕಷ್ಟದಲ್ಲಿ ಅವಳು ಒಪ್ಪಿದ ಸಂಬಳ ಆ ದಿನದ ಕಷ್ಟದ ಅಳತೆಯೇ ಹೊರತು ಅವಳ ಕೆಲಸದ ಅಳತೆಯಲ್ಲ.

ಎರಡನೆಯ ಸಲ

2024ರಲ್ಲಿ ಅವಳು ಮತ್ತೆ ಕೆಲಸ ಹುಡುಕಿದಳು. ಆಗ ಅವಳ ಸಂಬಳ 21,500. ಈ ಸಲ ಮೊದಲೇ ಕುಳಿತು ಯೋಚಿಸಿದೆವು. ಅದೇ ಕೆಲಸದಲ್ಲಿದ್ದ ಐದಾರು ಜನರನ್ನು ವಿಚಾರಿಸಿ, ಆ ಅನುಭವಕ್ಕೆ ಬೆಂಗಳೂರಿನಲ್ಲಿ 33,000ದಿಂದ 40,000ದವರೆಗೆ ಕೊಡುತ್ತಾರೆಂದು ತಿಳಿದುಕೊಂಡಳು. ಫೋನಿನಲ್ಲಿ ಹೇಳಬೇಕಾದ ಮಾತನ್ನು ಬರೆದುಕೊಂಡು ನಮ್ಮ ಮುಂದೆ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿದಳು: 'ನನ್ನ ಈಗಿನ ಸಂಬಳ ಬೇರೆ ಊರಿನ, ಬೇರೆ ಪರಿಸ್ಥಿತಿಯ ಲೆಕ್ಕದಿಂದ ಬಂದದ್ದು. ಈ ಹುದ್ದೆಯ ಕೆಲಸಕ್ಕೆ ನನ್ನ ನಿರೀಕ್ಷೆ 36,000. ನೀವು ಎಷ್ಟು ಇಟ್ಟಿದ್ದೀರೆಂದು ತಿಳಿಸಿದರೆ ಮಾತಾಡಬಹುದು.'

ಎಲ್ಲವೂ ಸುಲಭವಾಗಿ ಆಯಿತೆಂದು ಹೇಳಿದರೆ ಅದು ಸುಳ್ಳಾದೀತು. ಮೊದಲನೆಯ ಕಂಪನಿಯವರು, 'ಅಂಕಿ ಹಾಕದಿದ್ದರೆ ಫಾರಂ ಮುಂದೆ ಹೋಗುವುದಿಲ್ಲ ಮೇಡಂ' ಎಂದು ಫೋನ್ ಇಟ್ಟರು. ಎರಡನೆಯವರು ಒಳ್ಳೆಯ ಮಾತಿನಲ್ಲೇ ಮತ್ತೆ ಮತ್ತೆ ಕೇಳಿದರು. ಕೊನೆಗೆ ಅವಳು ನಿಜವಾದ ಅಂಕಿಯನ್ನೇ ಹೇಳಿದಳು. ಅವರು 28,000 ಎಂದರು, ಇವಳು ಬೇಡವೆಂದಳು. ಎರಡು ತಿಂಗಳು ಏನೂ ಬರಲಿಲ್ಲ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ನಾವೇ ಹೇಳಿಬಿಡುತ್ತೇವೇನೋ ಎಂದು ನಾಲಿಗೆ ಕಚ್ಚಿಕೊಂಡು ಕುಳಿತಿದ್ದೆವು. ಮೂರನೆಯ ಕಂಪನಿಯ ಹೆಂಗಸೊಬ್ಬರು ಮಾತ್ರ, 'ಸರಿ, ನಮ್ಮಲ್ಲಿ 32ರಿಂದ 36 ಇದೆ' ಎಂದು ನೇರವಾಗಿ ಹೇಳಿದರು. 35,000ಕ್ಕೆ ಒಪ್ಪಿಗೆಯಾಯಿತು. ಒಪ್ಪಿಗೆ ಪತ್ರ ಬಂದ ಮೇಲೆ ಹಳೆಯ ಸಂಬಳದ ಚೀಟಿಗಳನ್ನು ಕೇಳಿದರು. ಅವಳು ಒಂದೂ ಬಿಡದೆ ಕೊಟ್ಟಳು. ಕೊಟ್ಟ ಮಾತನ್ನು ಅವರು ಬದಲಿಸಲಿಲ್ಲ.

ಹೇಳದೆ ಇರುವುದರಲ್ಲೂ ಅಪಾಯವಿದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. ಅಮೆರಿಕದ ಪೇಸ್ಕೇಲ್ ಎಂಬ ಸಂಸ್ಥೆ 2017ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಹೇಳಲು ಒಪ್ಪದ ಗಂಡಸರಿಗೆ ಹೇಳಿದ ಗಂಡಸರಿಗಿಂತ ಶೇಕಡ 1.2 ಹೆಚ್ಚು ಸಿಕ್ಕಿತ್ತು. ಹೇಳಲು ಒಪ್ಪದ ಹೆಂಗಸರಿಗೆ ಹೇಳಿದ ಹೆಂಗಸರಿಗಿಂತ ಶೇಕಡ 1.8 ಕಡಿಮೆ ಸಿಕ್ಕಿತ್ತು. ಸುಮ್ಮನಿರುವ ಗಂಡಸಿನ ಸಂಬಳ ಹೆಚ್ಚಿರಬೇಕು, ಸುಮ್ಮನಿರುವ ಹೆಂಗಸಿನದು ಕಡಿಮೆಯಿರಬೇಕು ಎಂದು ಜನ ಊಹಿಸುತ್ತಾರೋ ಏನೋ. ಆದ್ದರಿಂದ ಬರೀ ಮೌನ ಸಾಲದು. ಕೆಲಸದ ಬೆಲೆ ಎಷ್ಟೆಂದು ತಿಳಿದುಕೊಂಡು, ಆ ಅಂಕಿಯನ್ನು ಧೈರ್ಯವಾಗಿ ಹೇಳಬೇಕು.

ನಮ್ಮ ಅನುಭವದಿಂದ ಯುವಜನರಿಗೆ ಹೇಳುವುದಿಷ್ಟು. ಹಿಂದಿನ ಸಂಬಳ ಚೆನ್ನಾಗಿದ್ದರೆ ಹೇಳುವುದರಿಂದ ನಷ್ಟವಿಲ್ಲ. ಕಡಿಮೆಯಿದ್ದರೆ ನೀವಾಗಿ ಮುಂದೆ ಬಂದು ಹೇಳಬೇಕಾಗಿಲ್ಲ. ನಿಮ್ಮ ನಿರೀಕ್ಷೆ ಹೇಳಿ, ಅವರ ಲೆಕ್ಕ ಕೇಳಿ. ಹೇಳಲೇಬೇಕಾದ ಸಂದರ್ಭ ಬಂದರೆ ನಿಜವನ್ನೇ ಹೇಳಿ, ಅದು ಏಕೆ ಕಡಿಮೆ ಎಂಬುದನ್ನೂ ಜೊತೆಗೇ ಹೇಳಿ. ಸೇರಿದ ಮೇಲೆ ತೆರಿಗೆಯ ಲೆಕ್ಕಕ್ಕಾಗಿ ಆ ವರ್ಷದ ಹಳೆಯ ಸಂಬಳದ ವಿವರ ಕೇಳಿದರೆ ಕೊಡಿ, ಅದು ಬೇರೆ ವಿಷಯ. ಮನೆಯಲ್ಲಿ ಒಲೆ ಉರಿಯಲು ಈಗಲೇ ಕೆಲಸ ಬೇಕೆಂದಿದ್ದರೆ ಸಿಕ್ಕಿದ್ದಕ್ಕೆ ಸೇರಿಕೊಳ್ಳಿ. ಅದರಲ್ಲಿ ಅವಮಾನವಿಲ್ಲ. ಆದರೆ ಅದೇ ನಿಮ್ಮ ಬೆಲೆಯೆಂದು ಮಾತ್ರ ನಂಬಬೇಡಿ.

ನಮ್ಮ ಮನೆಯ ಬಾಗಿಲಲ್ಲಿ

ಇಲ್ಲಿಗೆ ಲೇಖನ ಮುಗಿಸಬಹುದಿತ್ತು. ಆದರೆ ಕಳೆದ ವರ್ಷದ ಆ ಡಿಸೆಂಬರ್‌ನಲ್ಲಿ ನಡೆದದ್ದನ್ನು ಬರೆಯದಿದ್ದರೆ ಮಗಳು ನಮ್ಮನ್ನು ಬಿಡುವುದಿಲ್ಲ.

ನಮ್ಮ ಮನೆಯಲ್ಲಿ ಪಾತ್ರೆ ತೊಳೆದು, ಮನೆ ಗುಡಿಸಿ ಒರೆಸುತ್ತಿದ್ದ ಹೆಂಗಸು ಊರು ಬಿಟ್ಟು ಹೋದಳು. ಅವಳ ಜಾಗಕ್ಕೆ ಡೆಂಕಣಿಕೋಟೆ ಕಡೆಯ ಒಬ್ಬಳು ಬಂದು ಬಾಗಿಲಲ್ಲಿ ನಿಂತಳು. ಗಂಡ ತೀರಿಹೋಗಿದ್ದ, ಇಬ್ಬರು ಚಿಕ್ಕ ಮಕ್ಕಳು. ಹಿಂದಿನ ಮನೆಯವರು ಮನೆ ಖಾಲಿ ಮಾಡಿಕೊಂಡು ಹೋದದ್ದರಿಂದ ಕೆಲಸ ತಪ್ಪಿತ್ತು. ಮಗಳು ಹಜಾರದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ನಾವು ಬಾಗಿಲಲ್ಲಿ ನಿಂತು, ತಲೆತಲಾಂತರದಿಂದ ಕೇಳಿಕೊಂಡು ಬಂದ ಪ್ರಶ್ನೆಯನ್ನೇ ಕೇಳಿದೆವು:

'ಅಲ್ಲಿ ಎಷ್ಟು ಕೊಡುತ್ತಿದ್ದರು?'

ಅವರೆಕಾಯಿ ಸುಲಿಯುವ ಸದ್ದು ನಿಂತಿತು. ಮಗಳು ಏನೂ ಹೇಳಲಿಲ್ಲ, ತಲೆಯೆತ್ತಿ ನೋಡಿದಳು ಅಷ್ಟೆ. ಬಾಗಿಲಲ್ಲಿದ್ದವಳು, '1,500 ಕೊಡುತ್ತಿದ್ದರಮ್ಮ' ಎಂದಳು. 'ನಾವು 1,700 ಕೊಡುತ್ತೇವೆ' ಎಂಬ ಮಾತು ನಮ್ಮ ನಾಲಿಗೆಯ ತುದಿಗೆ ಬಂದಿತ್ತು. 200 ಹೆಚ್ಚು ಕೊಟ್ಟ ಪುಣ್ಯವೂ ನಮಗೆ ಬರುತ್ತಿತ್ತು! ಅಂಥ ಮನೆಗಳಲ್ಲಿ ನಾವೂ ಒಂದು ಎಂಬುದು ಅಲ್ಲಿಯವರೆಗೆ ನಮಗೆ ಹೊಳೆದೇ ಇರಲಿಲ್ಲ.

'ಇಲ್ಲಿನ ಕೆಲಸ ನೋಡಿ, ನೀನು ಎಷ್ಟು ಕೇಳುತ್ತೀ ಹೇಳಮ್ಮ' ಎಂದೆವು. ಅವಳು ಗಾಬರಿಯಾದಳು. ಏನೋ ತಪ್ಪು ಹೇಳಿದೆನೇನೋ ಎಂಬಂತೆ ನಮ್ಮ ಮುಖ ನೋಡಿ, 'ನೀವೇ ನೋಡಿ ಕೊಡಿ, 1,600 ಆದರೂ ಸರಿ' ಎಂದಳು. ಅವಳಿಗೆ ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಕೇಳಿದಾಗ ಹೇಳಲು ಅವಳ ಬಳಿ ಇದ್ದದ್ದು ಹಳೆಯ ಅಂಕಿಯೊಂದೇ.

ಅಂದು ಸಂಜೆ ನಮ್ಮ ಬೀದಿಯ ನಾಲ್ಕು ಮನೆಗಳಲ್ಲಿ ವಿಚಾರಿಸಿದೆವು. ಅಷ್ಟೇ ಕೆಲಸಕ್ಕೆ 2,500ರಿಂದ 3,000ದವರೆಗೆ ಕೊಡುತ್ತಿದ್ದರು. ನಾವು 2,800 ಎಂದು ತೀರ್ಮಾನಿಸಿ ಮರುದಿನ ಅವಳಿಗೆ ಹೇಳಿದೆವು. ಇದರಲ್ಲಿ ನಮ್ಮ ದೊಡ್ಡತನವೇನೂ ಇಲ್ಲ. ಬೀದಿಯಲ್ಲಿ ನಡೆಯುತ್ತಿದ್ದ ಬೆಲೆಯನ್ನೇ ಕೊಟ್ಟೆವು. ಅವಳ ಹಳೆಯ ಕಷ್ಟವನ್ನು ನಮ್ಮ ಲಾಭಕ್ಕೆ ಬಳಸಿಕೊಳ್ಳಲಿಲ್ಲ, ಅಷ್ಟೆ.

ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತಾರೆ. ಕಂಪನಿಗಳು ಆ ಖಾಲಿ ಜಾಗವನ್ನು ಎಂದು ತೆಗೆದುಹಾಕುತ್ತವೋ ಗೊತ್ತಿಲ್ಲ. ನಮ್ಮಲ್ಲಿ ಅಂಗಡಿ ಇಟ್ಟವರಿದ್ದಾರೆ, ತೋಟ ಇರುವವರಿದ್ದಾರೆ, ಶಾಲೆ ನಡೆಸುವವರಿದ್ದಾರೆ. ಮನೆಗೆಲಸಕ್ಕೆ ಜನ ಇಟ್ಟುಕೊಳ್ಳುವವರಂತೂ ಬಹಳ ಮಂದಿ. ಕೆಲಸ ಕೇಳಿಕೊಂಡು ಯಾರಾದರೂ ನಮ್ಮ ಬಾಗಿಲಿಗೆ ಬಂದಾಗ 'ಅಲ್ಲಿ ಎಷ್ಟು ಕೊಡುತ್ತಿದ್ದರು?' ಎಂದು ಕೇಳುವ ಮೊದಲು, 'ಈ ಕೆಲಸಕ್ಕೆ ಎಷ್ಟು ಕೊಡಬೇಕು?' ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ನಮ್ಮ ಮಕ್ಕಳು ಪಕ್ಕದಲ್ಲೇ ಕುಳಿತು ಕೇಳಿಸಿಕೊಳ್ಳುತ್ತಿರುತ್ತಾರೆ.